ಕಾಯಿಸಿಪ್ಪೆಯಿಂದ ಕೊಳಚೆ ನೀರಿನ ಶುದ್ಧಿ

ಮೂರು ವರ್ಷಗಳ ಹಿಂದಿನ ಆಟಿ ತಿಂಗಳ ಮಾತು. ಏಳನೆಯ ತರಗತಿಯ ಮಕ್ಕಳಿಗೆ ನೀರಿನ ಪಾಠ ನಡೆದಿತ್ತು. ಬಾಯಿಮಾತಿನ ಪಾಠ ಸಾಲದೆಂದು ಬಗೆದು, ನೀರು ಪರೀಕ್ಷಿಸುವ ಸಣ್ಣ ಶೀಸೆಗಳನ್ನು ತರಿಸಿ, ಮಕ್ಕಳು ತಮ್ಮ ತಮ್ಮ ಮನೆಯ ಬಾವಿಯ ನೀರನ್ನು ತುಂಬಿ ತರಬೇಕೆಂದು ಹೇಳಿದೆವು. ನಾವೂ ನಮ್ಮ ಮನೆಯ ಬಾವಿಯ ನೀರನ್ನು ಒಂದು ಶೀಸೆಯಲ್ಲಿ ತಂದು ಸಾಲಿನ ಕೊನೆಯಲ್ಲಿಟ್ಟೆವು. ಈ ಶೀಸೆಯೊಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರೊಂದು ಇರುತ್ತದೆ. ನೀರಿಗೆ ಮನುಷ್ಯರ ಅಥವಾ ದನಕರುಗಳ ಮಲದ ಸಂಪರ್ಕವಾಗಿದ್ದರೆ ಒಂದೆರಡು ದಿನಗಳಲ್ಲಿ ಶೀಸೆಯ ನೀರು ಕಪ್ಪಾಗುತ್ತದೆ. 1982ರಲ್ಲಿ ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಾಂಜಾ, ಮೌರ್ಯ, ರಾವ್ ಎಂಬ ಮೂವರು ಪ್ರಕಟಿಸಿದ ಕ್ರಮ ಇದು. ಹಳ್ಳಿಯವರಿಗೆ ಇಷ್ಟು ಸುಲಭವಾದ ಪರೀಕ್ಷೆ ಇನ್ನೊಂದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಕೆಲವು ಶೀಸೆಗಳು ತಿಳಿಯಾಗಿದ್ದುವು, ಕೆಲವು ಮಸಿಯಂತಾಗಿದ್ದುವು. ಮಸಿಯಾದವುಗಳಲ್ಲಿ ನಮ್ಮದೂ ಒಂದು. ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಾಷ್ಟ್ರೇ, ನೀವು ಆ ನೀರನ್ನೇ ಕುಡಿಯುವುದೋ?" ಎಂದು ಕೇಳಿದಳು. ಉತ್ತರ ಹೇಳಲು ನಮಗೆ ತೋಚಲಿಲ್ಲ. ಆ ವರ್ಷವೇ ನಮ್ಮ ಕಿರಿಯ ಮಗನಿಗೆ ಎರಡು ಸಲ ವಾಂತಿಭೇದಿಯಾಗಿ, ಎರಡನೆಯ ಸಲ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿಸಬೇಕಾಗಿ ಬಂದಿತ್ತು. ಅದರ ತಪ್ಪನ್ನು ನಾವು ಜಾತ್ರೆಯ ಮಿಠಾಯಿಯ ಮೇಲೆ ಹೊರಿಸಿ ಸಮಾಧಾನಪಟ್ಟಿದ್ದೆವು.

ಮನೆಗೆ ಬಂದು ಅಳೆಗೋಲು ಹಿಡಿದು ನೋಡಿದೆವು. ಪಾಯಿಖಾನೆಯ ಹೊಂಡಕ್ಕೂ ಬಾವಿಗೂ ಹದಿನಾಲ್ಕು ಅಡಿ. ಅದೂ ಹೊಂಡವಿರುವುದು ಬಾವಿಯ ಮೇಲ್ಗಡೆಯ ದರೆಯಲ್ಲಿ. ಕೇರಳದ ಪಂಚಾಯತು ಕಟ್ಟಡ ನಿಯಮದಂತೆ ಕುಡಿಯುವ ನೀರಿನ ಬಾವಿಯಿಂದ ಏಳೂವರೆ ಮೀಟರು, ಎಂದರೆ ಸುಮಾರು ಇಪ್ಪತ್ತೈದು ಅಡಿ ಒಳಗೆ ಇಂಥ ಹೊಂಡವಾಗಲಿ ಸೆಪ್ಟಿಕ್ ಟ್ಯಾಂಕಾಗಲಿ ಇರಕೂಡದು. ನಮ್ಮ ತೀರ್ಥರೂಪರು ಹೊಂಡ ತೋಡಿಸುವ ಕಾಲಕ್ಕೆ ಈ ಲೆಕ್ಕವನ್ನು ಯಾರೂ ಕೇಳಲಿಲ್ಲ. ನಾವು ಶಿಕ್ಷಕರ ತರಬೇತಿಯಲ್ಲಿ ಆರೋಗ್ಯಶಾಸ್ತ್ರ ಓದಿ ಬಂದವರು. ಇಪ್ಪತ್ತು ವರ್ಷ ಅದೇ ಹೊಂಡದ ಪಕ್ಕದಲ್ಲಿ ನಡೆದಾಡಿದರೂ ನಮ್ಮ ಕಣ್ಣಿಗೆ ಅದು ಬೀಳಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಮ್ಮ ಕಾಸರಗೋಡಿನ ನೆಲದ ಗುಣವನ್ನೂ ಇಲ್ಲಿ ಹೇಳದೆ ಇರುವಂತಿಲ್ಲ. ನಮ್ಮದು ಮುರಕಲ್ಲಿನ ನೆಲ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಬುಕಾನನ್ ಎಂಬ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥ ಬರುವ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ಅಗೆಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಆದರೆ ಅದರ ಮೈಯೆಲ್ಲ ಕೊಳವೆ ಕೊಳವೆಯಾದ ತೂತು. ಈ ತೂತುಗಳಿಂದಲೇ ನಮ್ಮ ಹಿರಿಯರ ಸುರಂಗಗಳಲ್ಲಿ ಬೇಸಗೆಯಲ್ಲೂ ನೀರು ಜಿನುಗುವುದು. ಅದೇ ತೂತುಗಳಿಂದ ಹೊಂಡದ ಕೊಳೆಯೂ ಇಳಿದು ಬರುವುದು. ಮರಳು ನೆಲವಾದರೆ ನೀರನ್ನು ಮೆಲ್ಲಗೆ ಸೋಸಿ ಬಿಡುತ್ತದೆ. ಮುರಕಲ್ಲಿಗೆ ಆ ತಾಳ್ಮೆಯಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಆಟಿ ತಿಂಗಳಲ್ಲಿ ಹೊಂಡದ ನೀರೂ ಬಾವಿಯ ನೀರೂ ಒಂದೇ ಮಟ್ಟಕ್ಕೆ ಬಂದು ನಿಂತರೆ ಎರಡಕ್ಕೂ ನಡುವೆ ಗೋಡೆಯೆಂಬುದು ಉಳಿಯಿತೇ? ಮನೆಮನೆಗೆ ಪಾಯಿಖಾನೆಯಾಗಿ, 2016ರಲ್ಲಿ ಕೇರಳವು ಬಯಲುಶೌಚಮುಕ್ತ ರಾಜ್ಯವೆನಿಸಿಕೊಂಡಿತು. ಒಳ್ಳೆಯದೇ ಆಯಿತು. ಆದರೆ ಗುಡ್ಡೆಯಲ್ಲಿ ಚೆದುರಿ ಹೋಗುತ್ತಿದ್ದುದೆಲ್ಲ ಈಗ ಅಂಗಳದ ಅಂಚಿಗೆ ಬಂದು ಒಂದೇ ಹೊಂಡದಲ್ಲಿ ಇಳಿಯುತ್ತಿದೆಯೆಂಬುದನ್ನು ನಾವು ಮರೆತೆವು.

ಇನ್ನು ಮುಂದಿನ ಕೆಲಸ. ಹಳೆಯ ಹೊಂಡವನ್ನು ಯಂತ್ರದ ಗಾಡಿ ತರಿಸಿ ಬರಿದು ಮಾಡಿಸಿ, ಸುಣ್ಣ ಹಾಕಿ, ಮಣ್ಣು ತುಂಬಿದೆವು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದೆವು. ಮನೆಯ ಕೆಳಗಡೆ, ಬಾವಿಯಿಂದ ಎಪ್ಪತ್ತು ಅಡಿ ದೂರದಲ್ಲಿ, ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕು ಕಟ್ಟಿಸಿದೆವು. ಇಷ್ಟರಲ್ಲಿ ಮುಗಿಯಿತೆಂದೇ ಮೇಸ್ತ್ರಿಯ ಅಭಿಪ್ರಾಯ. ಆದರೆ ಸೆಪ್ಟಿಕ್ ಟ್ಯಾಂಕು ಕೊಳಚೆಯನ್ನು ಶುದ್ಧಿಮಾಡುತ್ತದೆಂಬುದು ನಮ್ಮಲ್ಲಿ ಬಹು ಮಂದಿಯ ತಪ್ಪು ತಿಳಿವಳಿಕೆ. 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ಡೊನಾಲ್ಡ್ ಕ್ಯಾಮೆರಾನ್ ಎಂಬ ಎಂಜಿನಿಯರನು ಈ ತೊಟ್ಟಿಯನ್ನು ಕಟ್ಟಿ ಅದಕ್ಕೆ ಈ ಹೆಸರಿಟ್ಟಾಗಲೂ ಅದನ್ನು ಮೊದಲ ಮೆಟ್ಟಲೆಂದೇ ಎಣಿಸಿದ್ದನು. ಗಟ್ಟಿ ಅಡಿಗಿಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಬರುತ್ತದೆ. ಆ ನೀರಿನಲ್ಲಿ ಕೊಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಕರಗಿಯೇ ಇರುತ್ತದೆ, ರೋಗಾಣುಗಳಂತೂ ಹೇರಳ. ಆ ನೀರನ್ನು ಇನ್ನೊಂದು ಇಂಗುಗುಂಡಿಗೆ ಬಿಟ್ಟರೆ ಬಾವಿಯ ಕಂಟಕ ತಪ್ಪಲಿಲ್ಲ, ನಮ್ಮ ಬಾವಿಯ ಬದಲಿಗೆ ಕೆಳಗಿನ ಮನೆಯವರ ಬಾವಿಗೆ ವರ್ಗವಾಯಿತು, ಅಷ್ಟೆ.

ಕೊಳೆ ಎಂದರೇನು?

ಮಕ್ಕಳಿಗೆ ನಾವು ಹೇಳುವ ರೀತಿಯಲ್ಲೇ ಹೇಳುತ್ತೇವೆ. ನೀರಿನಲ್ಲಿ ಕರಗಿದ ಪ್ರಾಣವಾಯು, ಎಂದರೆ ಆಮ್ಲಜನಕ, ಒಂದು ಲೀಟರಿಗೆ ಹೆಚ್ಚೆಂದರೆ ಏಳೆಂಟು ಮಿಲಿಗ್ರಾಮು. ನಮ್ಮ ಸೆಕೆಯ ಊರಿನಲ್ಲಿ ಅದಕ್ಕಿಂತ ಹೆಚ್ಚು ನಿಲ್ಲದು. ಮನೆಯ ಕೊಳಚೆಯನ್ನು ಸೂಕ್ಷ್ಮಜೀವಿಗಳು ತಿಂದು ಜೀರ್ಣಿಸಬೇಕಾದರೆ ಲೀಟರಿಗೆ ಇನ್ನೂರರಿಂದ ಮುನ್ನೂರು ಮಿಲಿಗ್ರಾಮು ಆಮ್ಲಜನಕ ಬೇಕು. ಎಂದರೆ ಒಂದು ಲೀಟರು ಕೊಳಚೆ ಮೂವತ್ತು ಲೀಟರು ಒಳ್ಳೆಯ ನೀರಿನ ಉಸಿರನ್ನು ಹೀರಿಬಿಡುತ್ತದೆ. ತೋಡಿಗೆ ಕೊಳಚೆ ಬಿಟ್ಟಾಗ ಮೀನು ಸಾಯುವುದು, ನೀರು ಕಪ್ಪಾಗಿ ನಾರುವುದು ಈ ಕಾರಣದಿಂದ. ಈ ಹಸಿವನ್ನು ಅಳೆಯುವುದೇ ಕೊಳಚೆಯ ಅಳತೆ. ಬ್ರಿಟನ್ನಿನ ರಾಜಾಯೋಗವೊಂದು 1898ರಿಂದ 1915ರ ವರೆಗೆ ಇದೇ ವಿಷಯವನ್ನು ಕುಳಿತು ವಿಚಾರಿಸಿ, ನದಿಗೆ ಬಿಡುವ ನೀರಿನಲ್ಲಿ ಈ ಹಸಿವು ಲೀಟರಿಗೆ ಇಪ್ಪತ್ತು ಮಿಲಿಗ್ರಾಮನ್ನು ಮೀರಬಾರದೆಂದು 1912ರಲ್ಲಿ ಸೂಚಿಸಿತು.

ಆ ಸೂಕ್ಷ್ಮಜೀವಿಗಳಿಗೆ ಕೂರಲು ಮನೆಯನ್ನೂ ಬೇಕಾದಷ್ಟು ಗಾಳಿಯನ್ನೂ ಕೊಟ್ಟರೆ ಕೊಳೆಯನ್ನು ಅವೇ ತಿಂದು ಮುಗಿಸುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲಾರೆನ್ಸ್ ಎಂಬಲ್ಲಿ 1887ರಲ್ಲಿ ಆರಂಭವಾದ ಪ್ರಯೋಗಶಾಲೆಯಲ್ಲಿ ಮರಳು, ಜಲ್ಲಿಗಳ ಮೇಲೆ ಕೊಳಚೆಯನ್ನು ಬಿಟ್ಟು ಬಿಟ್ಟು ಸುರಿಸಿ ಇದನ್ನು ಕಂಡುಕೊಂಡರು. ಕಲ್ಲು ಕೊಳೆಯನ್ನು ತಡೆದು ಹಿಡಿಯುವುದಲ್ಲ; ಕಲ್ಲಿನ ಮೇಲೆ ಪಾಚಿಯಂತೆ ಹಬ್ಬಿದ ಲೋಳೆಯಲ್ಲಿ ಬದುಕುವ ಜೀವಿಗಳು ಕೊಳೆಯನ್ನು ಉಣ್ಣುತ್ತವೆ. ಸೋಸುವುದು ಎಂಬ ಮಾತೇ ಇಲ್ಲಿ ಅರ್ಧ ತಪ್ಪು. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಕೊಳಚೆಗೆ ಗಾಳಿಯನ್ನೇ ಊದಿ ಶುದ್ಧಿಮಾಡುವ ಕ್ರಮವನ್ನು ಪ್ರಕಟಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಎಂಬ ವಿದ್ವಾಂಸರು ಮೊದಲ ಮಹಾಯುದ್ಧದ ಕಾಲದಲ್ಲೇ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದವರು. ಆದರೆ ಆ ಕ್ರಮಕ್ಕೆ ವಿದ್ಯುತ್ತು ಬೇಕು, ಯಂತ್ರ ಬೇಕು, ನೋಡಿಕೊಳ್ಳುವ ನೌಕರ ಬೇಕು. ಆಗಾಗ ಕರೆಂಟು ಕೈಕೊಡುವ ಊರಿನವರಾದ ನಾವು ಆ ದಾರಿ ಹಿಡಿಯಲಿಲ್ಲ.

ಸಿಪ್ಪೆಯ ಗುಣ

ಜಲ್ಲಿಗೆ ಬದಲು ಕಾಯಿಸಿಪ್ಪೆ ಆಗದೇ? ಆಗುತ್ತದೆ. ಕಲ್ಲಿಗಿಂತ ಒಂದು ಕೈ ಮೇಲೆಂದೇ ಹೇಳಬಹುದು. ಕತ್ತದ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ನೂರಕ್ಕೆ ನಲವತ್ತೈದರಷ್ಟಿದೆ. ಮರದ ಕೆಚ್ಚಿಗೆ ಗಟ್ಟಿತನ ಕೊಡುವ ಪದಾರ್ಥವೂ ಇದೇ. ಆದ್ದರಿಂದ ಅದು ಬೇಗ ಕೊಳೆಯದು. ಕತ್ತ ಹೊಸೆಯುವವರು ಸಿಪ್ಪೆಯನ್ನು ಹಿನ್ನೀರಿನಲ್ಲಿ ಆರು ತಿಂಗಳಿಂದ ವರ್ಷದ ವರೆಗೆ ಹೂತಿಟ್ಟ ಮೇಲೂ ನಾರು ಗಟ್ಟಿಯಾಗಿಯೇ ಹೊರಗೆ ಬರುವುದನ್ನು ನೋಡದವರು ನಮ್ಮ ಕರಾವಳಿಯಲ್ಲಿ ಯಾರಿದ್ದಾರೆ? ಎರಡನೆಯದಾಗಿ, ಸಿಪ್ಪೆಯೊಳಗಿನ ಹುಡಿ ತನ್ನ ತೂಕದ ಐದರಿಂದ ಎಂಟು ಪಾಲು ನೀರನ್ನು ಹೀರಿ ಹಿಡಿಯುತ್ತದೆ. ಹೀಗೆ ಹಿಡಿದ ನೀರು ಜೀವಿಗಳ ಲೋಳೆಯ ಪಕ್ಕದಲ್ಲೇ ಬಹಳ ಹೊತ್ತು ನಿಲ್ಲುತ್ತದೆ, ನಾರುಗಳ ನಡುವೆ ಗಾಳಿಯಾಡುತ್ತದೆ. ನೀರು, ಗಾಳಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಗುಣ ಕಲ್ಲಿಗಿಲ್ಲ. ಕೆನಡಾ, ಐರ್ಲೆಂಡುಗಳಲ್ಲಿ ಚರಂಡಿಯಿಲ್ಲದ ಒಂಟಿ ಮನೆಗಳಿಗೆ ಮೊದಲು ಜೌಗುನೆಲದ ಪೀಟ್ ಎಂಬ ಸಸ್ಯಮಣ್ಣಿನ ಸೋಸುಮಡಿಗಳನ್ನು ಹಾಕುತ್ತಿದ್ದರು. ಈಗ ತೆಂಗಿನ ಸಿಪ್ಪೆಯ ಚೂರುಗಳನ್ನೂ ತುಂಬುತ್ತಾರೆ. ನಮ್ಮ ಹಿತ್ತಿಲಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಡುವ ವಸ್ತುವನ್ನು ಅವರು ಹಡಗಿನಲ್ಲಿ ತರಿಸಿಕೊಳ್ಳುತ್ತಾರೆಂದು ಕೇಳಿ ನಮ್ಮ ಮನೆಯವರು ನಕ್ಕರು. ಚಿಲಿ ದೇಶದಲ್ಲಿ ಹೋಸೆ ತೋಹಾ ಎಂಬ ವಿಜ್ಞಾನಿಯು ಮರದ ಚೂರುಗಳ ಮಡಿಯಲ್ಲಿ ಎರೆಹುಳುಗಳನ್ನು ಬಿಟ್ಟು ಇದೇ ಕೆಲಸ ಮಾಡಿಸಿದ್ದಾನೆ.

ಗೆರಟೆಯ ಇದ್ದಲಿನ ಬಗ್ಗೆ ಹಲವರು ಕೇಳುತ್ತಾರೆ. ಅಂಗಡಿಯ ನೀರುಸೋಸುಕದಲ್ಲಿರುವುದು ಗೆರಟೆಯ ಇದ್ದಲೇ ಹೌದು. ಆದರೆ ಅದನ್ನು ಒಂಬೈನೂರು ಡಿಗ್ರಿಯಷ್ಟು ಕಾವಿನಲ್ಲಿ ಹಬೆ ಹಾಯಿಸಿ ಸಿದ್ಧಪಡಿಸಿರುತ್ತಾರೆ. ಬಚ್ಚಲ ಒಲೆಯ ಇದ್ದಲಿಗೆ ಆ ಶಕ್ತಿ ಬಾರದು. ಕೊಳಚೆಗೆ ಅದರ ಅಗತ್ಯವೂ ಇಲ್ಲ.

ಅಡಿಕೆ ಸಿಪ್ಪೆಯ ಸಂಗತಿ ಬೇರೆ. ನಮ್ಮಲ್ಲಿ ತೆಂಗಿಗಿಂತ ಅಡಿಕೆಯೇ ಹೆಚ್ಚು; ಆದಕಾರಣ ಮಡಿಯ ಅರ್ಧಕ್ಕೆ ಅಡಿಕೆ ಸಿಪ್ಪೆಯನ್ನೇ ತುಂಬಿ ನೋಡಿದೆವು. ಅದರ ನಾರು ಮೆದು, ಲಿಗ್ನಿನ್ ಕತ್ತಕ್ಕಿಂತ ಎಷ್ಟೋ ಕಡಮೆ. ಒಂದೇ ಮಳೆಗಾಲದಲ್ಲಿ ಆ ಭಾಗ ಒಂದು ಗೇಣಿನಷ್ಟು ಕುಸಿಯಿತು, ನೀರು ಇಳಿಯುವುದು ತಡವಾಯಿತು. ಅಡಿಕೆ ಸಿಪ್ಪೆ ವರ್ಷ ವರ್ಷ ಬದಲಿಸುವ ಶಕ್ತಿಯಿರುವವರಿಗೆ ಸರಿ. ನಮಗೆ ಅಷ್ಟು ಪುರುಸೊತ್ತಿಲ್ಲ. ಈಗ ಪೂರ್ತಿ ಕಾಯಿಸಿಪ್ಪೆಯನ್ನೇ ತುಂಬುತ್ತೇವೆ.

ಮಡಿ ಕಟ್ಟಿದ ಬಗೆ

ನಮ್ಮ ಮನೆಯಲ್ಲಿ ಆರು ಜನ. ಕೊಡ, ಬಕೆಟುಗಳ ಲೆಕ್ಕ ಹಿಡಿದು ನೋಡಿದಾಗ ದಿನಕ್ಕೆ ಸುಮಾರು ನಾನೂರು ಲೀಟರು ಕೊಳಚೆಯಾಗುವುದೆಂದು ತಿಳಿಯಿತು. ಕಾಯಿಸಿಪ್ಪೆಯ ಮಡಿಗೆ ಒಂದು ಚದರ ಮೀಟರಿಗೆ ದಿನವೊಂದಕ್ಕೆ ಇನ್ನೂರು ಲೀಟರಿಗಿಂತ ಹೆಚ್ಚು ಹೊರಿಸಬಾರದೆಂದು ಇಟ್ಟುಕೊಂಡೆವು. ಆ ಪ್ರಕಾರ ಎರಡು ಮೀಟರು ಉದ್ದ, ಒಂದು ಮೀಟರು ಅಗಲದ ತೊಟ್ಟಿ ಸಾಕಾಯಿತು. ಆಳ ಮೂರೂವರೆ ಅಡಿ. ತಳಕ್ಕೂ ಗೋಡೆಗಳಿಗೂ ಸಿಮೆಂಟಿನ ಗಾರೆ ಬೇಕೇ ಬೇಕು, ಇಲ್ಲವಾದರೆ ಮುರಕಲ್ಲಿನ ತೂತುಗಳು ತಮ್ಮ ಬುದ್ಧಿ ತೋರಿಸುತ್ತವೆ. ತಳದಲ್ಲಿ ಅರ್ಧ ಅಡಿ ದಪ್ಪ ಜಲ್ಲಿ. ಅದರೊಳಗೆ ತೂತು ಕೊರೆದ ಪಿ.ವಿ.ಸಿ. ಕೊಳವೆ, ಆ ಕೊಳವೆಯ ಒಂದು ತುದಿಯನ್ನು ಮೇಲಕ್ಕೆತ್ತಿ ಗಾಳಿಗೆ ತೆರೆದು, ಬಾಯಿಗೆ ಸೊಳ್ಳೆಪರದೆ ಕಟ್ಟಿದೆವು. ಜಲ್ಲಿಯ ಮೇಲೆ ಎರಡೂವರೆ ಅಡಿ ಸಿಪ್ಪೆ. ಮೇಲೆ ತೆಂಗಿನ ಮಡಲಿನ ಮಾಡು. ಮಳೆನೀರು ಒಳಗೆ ಬೀಳಬಾರದು.

ಮೊದಲ ವರ್ಷ ನಾವು ಮಾಡಿದ ತಪ್ಪುಗಳನ್ನು ಹೇಳಿದರೆ ಓದುವವರಿಗೆ ಹೆಚ್ಚು ಪ್ರಯೋಜನವಾದೀತು. ಹತ್ತಿರದ ಕತ್ತದ ಕಾರ್ಖಾನೆಯಲ್ಲಿ ರಾಶಿ ಬಿದ್ದ ಹುಡಿ ಪುಕ್ಕಟೆ ಸಿಗುತ್ತದೆಂದು ಅದನ್ನೇ ಹೊತ್ತು ತಂದು ತುಂಬಿದೆವು. ಮೂರು ವಾರ ನಡೆಯಿತು. ನಾಲ್ಕನೆಯ ವಾರ ಹುಡಿ ನೀರು ಕುಡಿದು ಉಬ್ಬಿ ಹಿಟ್ಟಿನ ಮುದ್ದೆಯಂತಾಗಿ, ಕೊಳಚೆ ಮೇಲಿನಿಂದಲೇ ಉಕ್ಕಿ ಹರಿದು ಬಾಳೆಬುಡಕ್ಕೆ ಹೋಯಿತು. ಅಂದು ಮನೆಗೆ ನೆಂಟರು ಬಂದಿದ್ದರು; ವಾಸನೆಯ ವಿಷಯ ಬರೆಯುವುದು ಬೇಡ. ಬರಿಯ ಹುಡಿ ಕೆಲಸಕ್ಕೆ ಬಾರದು. ಬರಿಯ ನಾರೂ ಬೇಡ, ಅದರಲ್ಲಿ ನೀರು ನಿಲ್ಲದೆ ಸರ್ರನೆ ಇಳಿದುಬಿಡುತ್ತದೆ. ಇಡೀ ಸಿಪ್ಪೆಯನ್ನೇ ಕತ್ತಿಯಿಂದ ಒಂದೊಂದೂವರೆ ಅಂಗುಲದ ಚೂರುಗಳಾಗಿ ಕೊಚ್ಚಿ ಹಾಕಬೇಕು. ನಾರೂ ಹುಡಿಯೂ ಹುಟ್ಟಿನಿಂದ ಹೇಗೆ ಕೂಡಿಕೊಂಡಿವೆಯೋ ಹಾಗೆಯೇ ಇರಲಿ. ಹಸಿ ಸಿಪ್ಪೆಗಿಂತ ಒಂದು ಮಳೆ ಕಂಡ ಹಳೆಯ ಸಿಪ್ಪೆ ಮೇಲು, ಅದರ ಒಗರು ಕಡಮೆಯಾಗಿರುತ್ತದೆ.

ಎರಡನೆಯ ತಪ್ಪು ನೀರು ಬಿಡುವ ರೀತಿಯಲ್ಲಿ ಆಯಿತು. ಟ್ಯಾಂಕಿನಿಂದ ಬರುವ ನೀರು ಸಣ್ಣಗೆ ಒಂದೇ ಮೂಲೆಗೆ ಇಳಿಯುತ್ತಿತ್ತು. ಆ ಮೂಲೆ ಕೊಳೆತು ನಾರಿತು, ಉಳಿದ ಮುಕ್ಕಾಲು ಮಡಿ ಬೇಸಗೆಯ ಗುಡ್ಡೆಯಂತೆ ಒಣಗಿತ್ತು. ನೀರು ಒಮ್ಮೆಗೆ ಸುರಿದು ಇಡೀ ಮಡಿಯನ್ನು ನೆನೆಸಬೇಕು, ಆಮೇಲೆ ಗಾಳಿಯಾಡಲು ಬಿಡುವಿರಬೇಕು. ಲಾರೆನ್ಸಿನವರು ಬಿಟ್ಟು ಬಿಟ್ಟು ಸುರಿಸಿದ್ದರ ಮರ್ಮ ಇದು. ನಮ್ಮ ಅಜ್ಜನ ಕಾಲದಲ್ಲಿ ತೋಟದ ತೋಡಿನಲ್ಲಿ ಹಂದಿ ಬೆದರಿಸಲು ಬಿದಿರಿನ ಅಂಡೆಯೊಂದನ್ನು ಹೂಡುತ್ತಿದ್ದರು. ನೀರು ತುಂಬಿದೊಡನೆ ಮಗುಚಿ, ಬರಿದಾಗಿ, ಹಿಂದಕ್ಕೆ ಬಂದು ಕಲ್ಲಿಗೆ ಟಣ್ಣೆಂದು ಬಡಿಯುವುದು. ಅದರ ನೆನಪಿನಿಂದ ತಗಡಿನ ಕೆಲಸದವರಲ್ಲಿ ನಡುವೆ ಅಡ್ಡಗೋಡೆಯಿರುವ ಮರಿಗೆಯೊಂದನ್ನು ಮಾಡಿಸಿ, ಕೀಲಿನ ಮೇಲೆ ಕೂರಿಸಿದೆವು. ಒಂದು ಪಾಲು ತುಂಬಿದಾಗ ಅತ್ತ ವಾಲಿ ಹದಿನೈದು ಲೀಟರು ಸುರಿಯುತ್ತದೆ, ಆಗ ಇನ್ನೊಂದು ಪಾಲು ಕೊಳವೆಯ ಬಾಯಿಗೆ ಬರುತ್ತದೆ. ಕೆಳಗೆ ತೂತಿನ ಹಲಗೆಯಿಟ್ಟು ನೀರು ಎಲ್ಲೆಡೆಗೆ ಹರಡುವಂತೆ ಮಾಡಿದೆವು. ಪಾಶ್ಚಾತ್ಯರೂ ತಮ್ಮ ಸಣ್ಣ ಮಡಿಗಳಿಗೆ ಇಂಥದೇ ಮರಿಗೆ ಹೂಡುತ್ತಾರೆಂದು ಆಮೇಲೆ ಓದಿ ತಿಳಿದೆವು. ಇಳಿಜಾರು ಜಾಗವಿರುವವರಿಗೆ ಇದು ಸುಲಭ, ಪಂಪಿನ ಹಂಗಿಲ್ಲ.

ಅಡಿಗೆಮನೆಯ ನೀರಿಗೆ ಪ್ರತ್ಯೇಕ ಜಿಡ್ಡುಹೊಂಡವಿರಲಿ. ಎಣ್ಣೆ ಸಿಪ್ಪೆಯ ಮೇಲೆ ಕುಳಿತರೆ ಗಾಳಿಯ ದಾರಿ ಮುಚ್ಚಿತು. ಪಾಯಿಖಾನೆಗೆ ಆಸಿಡ್ಡು, ಬ್ಲೀಚಿಂಗ್ ಪುಡಿಗಳನ್ನು ಧಾರಾಳ ಸುರಿಯುವ ಅಭ್ಯಾಸವನ್ನೂ ಬಿಡಬೇಕು. ಕೊಳೆ ತಿನ್ನುವ ಜೀವಿಗಳನ್ನು ನಾವೇ ಕೊಂದು, ಮಡಿ ಕೆಲಸ ಮಾಡುವುದಿಲ್ಲವೆಂದು ದೂರುವುದು ನ್ಯಾಯವಲ್ಲ.

ಲಾಮಂಚದ ಸಾಲು

ಮಡಿಯಿಂದ ಹೊರಟ ನೀರನ್ನು ನೇರವಾಗಿ ತೋಟಕ್ಕೆ ಬಿಡದೆ, ಹನ್ನೆರಡು ಅಡಿ ಉದ್ದದ ಜಲ್ಲಿಯ ಓಣಿಯೊಂದರಲ್ಲಿ ಹಾಯಿಸುತ್ತೇವೆ. ನೀರು ಜಲ್ಲಿಯ ಮಟ್ಟದ ಕೆಳಗೆಯೇ ಹರಿಯುವುದರಿಂದ ಸೊಳ್ಳೆಗೆ ಮೊಟ್ಟೆಯಿಡಲು ಎಡೆಯಿಲ್ಲ. ಅದರಲ್ಲಿ ಲಾಮಂಚವನ್ನೂ ಕಾಬಾಳೆಯನ್ನೂ ನೆಟ್ಟಿದ್ದೇವೆ. ಜರ್ಮನಿಯ ಕೇಟೆ ಸೈಡೆಲ್ ಎಂಬ ವಿದುಷಿಯು 1950ರ ದಶಕದಲ್ಲಿ ಜೊಂಡುಹುಲ್ಲು ಕೊಳಚೆಯನ್ನು ಶುದ್ಧಿಮಾಡಬಲ್ಲುದೆಂದು ಹೇಳಿದಾಗ ಎಂಜಿನಿಯರುಗಳು ಅಷ್ಟಾಗಿ ಕಿವಿಗೊಡಲಿಲ್ಲ. ಈಗ ಜಗತ್ತಿನ ಎಲ್ಲೆಡೆ ಅಂಥ ಮಡಿಗಳಿವೆ. ನಾವು ಲಾಮಂಚವನ್ನೇ ಆರಿಸಿದ್ದು ಅದರ ಬೇರಿಗಾಗಿ. ಹತ್ತು ಅಡಿಗೂ ಆಳಕ್ಕೆ ಇಳಿಯುವ ಬೇರು ಅದರದು. ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಇದನ್ನು ನೆಡುತ್ತ ಬಂದವರು. ಜಲ್ಲಿಯ ಓಣಿಯಲ್ಲಿ ಅಷ್ಟು ಆಳವಿಲ್ಲದಿದ್ದರೂ ಬೇರು ಜಡೆಯಂತೆ ಹೆಣೆದುಕೊಂಡಿದೆ. ಕಾಬಾಳೆಯ ಹೂವಿಗೆ ಮನೆಯ ಹೆಂಗಸರು ಮೆಚ್ಚಿಗೆ ಸೂಚಿಸಿದ್ದಾರೆ. ಇಡೀ ಕೆಲಸದಲ್ಲಿ ಅವರಿಂದ ದೊರೆತ ಮೊದಲ ಪ್ರಶಂಸೆ ಇದೇ.

ನೀರು ನಿಜವಾಗಿ ಶುದ್ಧಿಯಾಯಿತೇ ಎಂದು ನೋಡಲು ಶಾಲೆಯಲ್ಲಿಯೇ ಒಂದು ಉಪಾಯವಿದೆ. ಸೂಕ್ಷ್ಮದರ್ಶಕದ ಪಾಠಕ್ಕೆ ಬಳಸುವ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಕೆಲವು ಹನಿ ಹಾಕಿ, ಶೀಸೆಯನ್ನು ಕಂಠದ ತನಕ ತುಂಬಿ, ಬಿರಡೆ ಬಿಗಿದು ಕತ್ತಲೆಯಲ್ಲಿಡಬೇಕು. ನೀರಿನಲ್ಲಿ ಇನ್ನೂ ಹಸಿದ ಕೊಳೆ ಉಳಿದಿದ್ದರೆ ಆಮ್ಲಜನಕವೆಲ್ಲ ಮುಗಿದು ನೀಲಿ ಬಣ್ಣ ಮಾಯವಾಗುತ್ತದೆ. ನಮ್ಮ ಸೆಪ್ಟಿಕ್ ಟ್ಯಾಂಕಿನ ನೀರಿನ ಶೀಸೆ ಸಂಜೆಯೊಳಗೆ ಬಿಳುಚಿತು. ಮಡಿಯ ನೀರಿನ ಶೀಸೆ ಮೊದಲ ತಿಂಗಳು ಎರಡು ದಿನ ನಿಂತಿತು. ಮೂರನೆಯ ತಿಂಗಳಿಗೆ ಐದು ದಿನ ಕಳೆದರೂ ನೀಲಿಯಾಗಿಯೇ ಇತ್ತು. ಜೀವಿಗಳು ಸಿಪ್ಪೆಯಲ್ಲಿ ಸಂಸಾರ ಹೂಡಲು ಅಷ್ಟು ಕಾಲ ಬೇಕು. ಚೆನ್ನಾಗಿ ನಡೆಸಿದ ಇಂಥ ಮಡಿಗಳು ಕೊಳೆಯ ಹತ್ತರಲ್ಲಿ ಎಂಟೊಂಬತ್ತು ಪಾಲನ್ನು ತೆಗೆಯಬಲ್ಲವು.

ಆದರೆ ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಪ್ಪಾಗುವ ಶೀಸೆಗೆ ಮಡಿಯ ನೀರನ್ನು ಹಾಕಿದಾಗ ಅದು ಕಪ್ಪಾಯಿತು. ಎಂದರೆ, ಕಣ್ಣಿಗೆ ತಿಳಿ, ಮೂಗಿಗೆ ವಾಸನೆಯಿಲ್ಲ, ಆದರೂ ರೋಗಾಣು ಪೂರ್ತಿ ಹೋಗಿಲ್ಲ. ಕುಡಿಯುವ ಮಾತು ಹಾಗಿರಲಿ, ಪಾತ್ರೆ ತೊಳೆಯಲೂ ಸಲ್ಲದು. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮುಳ್ಳುಸೌತೆಗಳಿಗೆ ಹಾಯಿಸಬಾರದು. ಜಂತುಹುಳದ ಮೊಟ್ಟೆಗಳು ಬಹಳ ಗಟ್ಟಿ. ಕೊಳಚೆಯ ನೀರನ್ನು ವ್ಯವಸಾಯಕ್ಕೆ ಬಳಸುವಾಗ ಲೀಟರಿಗೆ ಒಂದು ಮೊಟ್ಟೆಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೆಂಗಿನ ಬುಡಕ್ಕೆ, ಬಾಳೆಗೆ, ಮೇವಿನ ಹುಲ್ಲಿಗೆ ಮಣ್ಣಿನ ಕೆಳಗಿಂದ ಬಿಡುವುದರಲ್ಲಿ ಅಪಾಯ ಕಡಮೆ. ಹುಲ್ಲಾದರೆ ಕೊಯ್ಯುವ ಎರಡು ವಾರ ಮೊದಲು ನೀರು ನಿಲ್ಲಿಸಬೇಕು. ಬಿದ್ದ ತೆಂಗಿನಕಾಯಿಯನ್ನು ಅಲ್ಲಿ ಬಹಳ ಹೊತ್ತು ಬಿಡುವುದೂ ಬೇಡ.

ತೆಂಗಿನ ಲೆಕ್ಕ ಹೀಗೆ. ನಮ್ಮ ಕಾಸರಗೋಡಿನಲ್ಲಿಯೇ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಗಿ, ಮುಂದೆ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಸಂಗತಿ ವಾಚಕರಿಗೆ ತಿಳಿದದ್ದೇ. ಬೇಸಗೆಯಲ್ಲಿ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ ಇನ್ನೂರು ಲೀಟರು ನೀರು ಎಂಬ ಲೆಕ್ಕ ನಮ್ಮ ತೋಟಗಳಲ್ಲಿ ವಾಡಿಕೆಯಲ್ಲಿದೆ. ದಿನಕ್ಕೆ ಐವತ್ತು ಲೀಟರಾಯಿತು. ನಮ್ಮ ಮನೆಯ ನಾನೂರು ಲೀಟರಿನಿಂದ ಎಂಟು ಮರ ಬದುಕುತ್ತದೆ. ನೀರಿನೊಂದಿಗೆ ಸಾರಜನಕವೂ ಹೋಗುವುದರಿಂದ ಆ ಮರಗಳಿಗೆ ಯೂರಿಯಾ ಹಾಕುವುದನ್ನು ಕಡಮೆ ಮಾಡಿದ್ದೇವೆ. ಈ ಸಾರಜನಕವು ಮಡಿಯಲ್ಲಿ ನೈಟ್ರೇಟಾಗಿ ಮಾರ್ಪಡುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಗಿಡದ ಬೇರು ಅದನ್ನು ಹಿಡಿಯದಿದ್ದರೆ ಅದು ಮತ್ತೆ ಯಾರದೋ ಬಾವಿಗೆ ಹೋಗಿ ಸೇರುತ್ತದೆ.

ಮಳೆಗಾಲದ ತೊಡಕು ಬೇರೆಯೇ. ಆಗ ತೆಂಗಿಗೆ ನೀರು ಬೇಡ, ನೆಲವೂ ಕುಡಿಯದು. ಬೈಲಿನಲ್ಲಿ ಮನೆಯಿರುವವರು ಮಡಿಯನ್ನು ನೆಲದೊಳಗೆ ಹೂಳದೆ, ನೆಲದ ಮೇಲೆಯೇ ಕಟ್ಟಬೇಕು. ನೀರು ತುಂಬಿದ ಗುಂಡಿಯಲ್ಲಿ ಮುಳುಗಿದ ಸಿಪ್ಪೆಗೆ ಗಾಳಿ ಎಲ್ಲಿಂದ ಬರಬೇಕು? ನಾವು ಆಟಿ, ಸೋಣಗಳಲ್ಲಿ ಹೊರಗಿನ ನೀರನ್ನು ದರೆಯ ಕೆಳಗಿನ ಬಾಳೆಸಾಲಿನ ಉದ್ದನೆಯ ಕಣಿಯಲ್ಲಿ ಹಂಚಿ ಬಿಡುತ್ತೇವೆ. ಇದು ಅರೆಕೊರೆ ವ್ಯವಸ್ಥೆಯೆಂಬುದು ನಮಗೆ ಗೊತ್ತು.

ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಬರಿದುಮಾಡಿಸಲೇಬೇಕು, ಇಲ್ಲವಾದರೆ ರಾಡಿ ಉಕ್ಕಿ ಸಿಪ್ಪೆಯ ಮೇಲೆ ಬರುತ್ತದೆ. ಆದರೆ ಯಾರೊಬ್ಬನನ್ನೂ ಅದರೊಳಗೆ ಇಳಿಸಬಾರದು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗಿ ಮನುಷ್ಯನು ನಿಂತಲ್ಲೇ ಬೀಳುತ್ತಾನೆ. ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣೆಯ ಸಾಧನವಿಲ್ಲದೆ ಹಾಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಕಾಯಿದೆ ಇಲ್ಲದಿದ್ದರೂ ಅದು ಅಪರಾಧವೇ. ಹಣ ಹೆಚ್ಚಾದರೂ ಯಂತ್ರದ ಗಾಡಿಯನ್ನೇ ಕರೆಯಿಸಿ. ಗಾಡಿಯವರು ಅದನ್ನು ಎಲ್ಲಿ ಸುರಿಯುತ್ತಾರೆಂದೂ ಕೇಳಿ.

ಬಾವಿಯ ಸಂಗತಿ ಹೇಳಿ ಮುಗಿಸುತ್ತೇವೆ. ಹಳೆಯ ಹೊಂಡ ಮುಚ್ಚಿದ ಮೇಲಿನ ಮೊದಲ ಬೇಸಗೆಯಲ್ಲಿ ನಮ್ಮ ಬಾವಿಯ ಶೀಸೆ ತಿಳಿಯಾಗಿಯೇ ಉಳಿಯಿತು. ಮಗನಿಗೆ ಮತ್ತೆ ಹೊಟ್ಟೆಯ ಬೇನೆ ಬರಲಿಲ್ಲ. ಶಾಲೆಯಲ್ಲಿ ಆ ಹುಡುಗಿಯನ್ನು ಕರೆದು ಶೀಸೆ ತೋರಿಸಿದೆವು. ಆಗ ಅವಳು ಎಂಟನೆಯ ತರಗತಿ. ಆದರೆ ಕಳೆದ ಆಟಿಯಲ್ಲಿ, ಒಂದು ವಾರ ಬಿಡದೆ ಮಳೆ ಹೊಡೆದ ಮೇಲೆ, ಶೀಸೆ ಮತ್ತೆ ಕಪ್ಪಾಯಿತು. ನಮ್ಮ ಮೇಲ್ಗಡೆ ಇನ್ನೂ ಎರಡು ಮನೆಗಳಿವೆ, ಅವರ ಹೊಂಡಗಳೂ ಅದೇ ಮುರಕಲ್ಲಿನಲ್ಲಿವೆ. ಅವರಲ್ಲಿ ಒಬ್ಬರು ಈ ವರ್ಷ ಸಿಪ್ಪೆ ಕೂಡಿಡುತ್ತಿದ್ದಾರೆ. ಇನ್ನೊಬ್ಬರು ನಮ್ಮ ಮಡಿಯನ್ನು ಬಂದು ನೋಡಿ, ಮೂಸಿ, ಏನೂ ಹೇಳದೆ ಹೋಗಿದ್ದಾರೆ. ನಾವು ಕುಡಿಯುವ ನೀರನ್ನು ಈಗಲೂ ಕುದಿಸಿಯೇ ಕುಡಿಯುತ್ತೇವೆ.

ಮಡಿ ಕಟ್ಟಬೇಕೆಂದಿರುವವರು ಸಿಪ್ಪೆ ತುಂಬುವ ಕೆಲಸವನ್ನು ಪತ್ತನಾಜೆಯೊಳಗೆ ಮುಗಿಸುವುದು ಒಳ್ಳೆಯದು. ಆರು ಜನರ ಮನೆಗೆ ಎರಡು ಮೂರು ಸಾವಿರ ಕಾಯಿಯ ಸಿಪ್ಪೆ ಕೂಡಿಟ್ಟುಕೊಂಡರೆ ಕೊರತೆಯಾಗದು. ಮೊದಲ ಮೂರು ನಾಲ್ಕು ವಾರ ಚಹಾದಂತೆ ಕಂದು ಬಣ್ಣದ ನೀರು ಇಳಿಯುತ್ತದೆ. ಅದು ಸಿಪ್ಪೆಯ ಒಗರು, ಗಾಬರಿಪಡಬೇಕಾಗಿಲ್ಲ. ಎರಡು ಮೂರು ವರ್ಷಗಳಲ್ಲಿ ಸಿಪ್ಪೆ ಕುಗ್ಗಿ ನೀರು ನಿಲ್ಲತೊಡಗಿದಾಗ ಮೇಲಿನ ಅರ್ಧವನ್ನು ತೆಗೆದು ಹೊಸತನ್ನು ಹಾಕಬೇಕು. ತೆಗೆದದ್ದನ್ನು ಕೈಗವುಸು ಹಾಕಿಯೇ ಎತ್ತಿ, ಸೆಗಣಿ ಬೆರಸಿ ಮುಚ್ಚಿ, ಒಂದು ವರ್ಷ ಬಿಟ್ಟ ಮೇಲೆಯೇ ತೆಂಗಿನ ಬುಡಕ್ಕೆ ಹಾಕತಕ್ಕದ್ದು. ತರಕಾರಿ ಸಾಲಿಗೆ ಅದು ಬೇಡ.